ರೂಟರಿಗೆ ಇಟ್ಟ ಗಡುವು

ದೂರದಲ್ಲಿರುವ ಯಂತ್ರವೊಂದನ್ನು ಭದ್ರ ಮಾಡಲು ಹೋದಾಗ ಇರುವ ದೊಡ್ಡ ಅಪಾಯವೆಂದರೆ ನಾವೇ ಹೊರಗುಳಿದುಬಿಡುವುದು. ನನ್ನ ಕೆಲಸದ ಬಗ್ಗೆ ಕೇಳುವ ನೆಂಟರಿಗೆ ನಾನು ಹೀಗೆ ಹೇಳುತ್ತೇನೆ: ತಿರುವನಂತಪುರದಲ್ಲಿ ಕೂತು ಕೊಚ್ಚಿಯ ಮನೆಯೊಂದರ ಬೀಗ ಬದಲಾಯಿಸುತ್ತಿದ್ದೀರಿ ಅಂದುಕೊಳ್ಳಿ. ಹೊಸ ಬೀಗವೇನೋ ಚೆನ್ನಾಗಿ ಕೂತಿತು, ಕೀಲಿಕೈ ಒಳಗೇ ಉಳಿಯಿತು. ಆಮೇಲೆ ರೈಲು ಹತ್ತುವುದೊಂದೇ ದಾರಿ. ನನಗಿಂತ ಮೊದಲು ನನ್ನ ಕುರ್ಚಿಯಲ್ಲಿದ್ದವರು ಹಾಗೆ ಹತ್ತಿದ್ದರಂತೆ. ಒಂದು ಅಂಕಿ ತಪ್ಪಿ, ಕೊಚ್ಚಿಯ ಪಾಲಾರಿವಟ್ಟಂ ಕಚೇರಿಯ ರೂಟರ್ ಅವರನ್ನೇ ಅನ್ಯರೆಂದು ಹೊರಗಿಟ್ಟಿತ್ತು. ಅವರು ಹೋಗಿ ಮುಟ್ಟುವ ತನಕ ಅಲ್ಲಿನ ಸಿಬ್ಬಂದಿ ಕೈಕಟ್ಟಿ ಕೂತಿದ್ದರು.

ಇದಕ್ಕೆ ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಏನನ್ನಾದರೂ ಮುಟ್ಟುವ ಮೊದಲು ರೂಟರಿಗೆ ಒಂದು ಗಡುವು ಕೊಟ್ಟುಬಿಡುವುದು: ಇಂಥ ಹೊತ್ತಿಗೆ ನೀನಾಗಿಯೇ ಆರಿ ಮತ್ತೆ ಹೊತ್ತಿಕೋ ಎಂದು. ಆಮೇಲೆ ಮಾಡುವ ಬದಲಾವಣೆಗಳನ್ನು ಉಳಿಸಬಾರದು. ಎಲ್ಲ ಸರಿಹೋದರೆ ಗಡುವನ್ನು ರದ್ದುಮಾಡಿ, ಬದಲಾವಣೆ ಉಳಿಸಿ, ಎದ್ದು ಹೋಗಬಹುದು. ಎಡವಟ್ಟಾಗಿ ಹೊರಗುಳಿದರೆ ಸುಮ್ಮನೆ ಕಾಯಬೇಕು. ಗಡುವು ಬಂದಾಗ ರೂಟರ್ ಆರಿ, ಹೊಸದನ್ನೆಲ್ಲ ಮರೆತು, ಹಳೆಯ ಸ್ಥಿತಿಯಲ್ಲೇ ಏಳುತ್ತದೆ. ಗಡುವಿಡದೆ ನಾನು ದೂರದ ಯಂತ್ರವನ್ನು ಮುಟ್ಟುವುದಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಜಂಬದವಳು ಎಂದು ಕಚೇರಿಯಲ್ಲಿ ಮಾತಿದೆ. ಇರಲಿ.

ನಾನು ಕಾಸರಗೋಡಿನವಳು. ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ತಿರುವನಂತಪುರದ ಕಳಕ್ಕೂಟಂನಲ್ಲಿ ಫ್ಲಾಟು. ಸುತ್ತ ಐಟಿ ಪಾರ್ಕಿನ ಹುಡುಗ ಹುಡುಗಿಯರೇ ತುಂಬಿರುವುದರಿಂದ ಲಿಫ್ಟಿನಲ್ಲಿ ಸಿಕ್ಕವರೆಲ್ಲ ನಾನು ಯಾವ ಕಂಪನಿ ಎಂದು ಕೇಳುತ್ತಾರೆ. ಸರ್ಕಾರಿ ಕಚೇರಿ ಎಂದ ಕೂಡಲೇ ಅವರ ಮುಖದಲ್ಲಿ ಒಂದು ಅನುಕಂಪ ಮೂಡುತ್ತದೆ, ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮನೆಯಲ್ಲಿ ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಮಲಯಾಳ. ಹಾಗಾಗಿ ಇಬ್ಬರ ನಡುವೆ ನಾನು ದುಭಾಷಿ. ಮಗಳು ಸಿಡುಕಿ ಹೇಳಿದ್ದರಲ್ಲಿ ಅರ್ಧವನ್ನು ನುಂಗಿ, ಉಳಿದರ್ಧಕ್ಕೆ ಬೆಲ್ಲ ಹಚ್ಚಿ ಅತ್ತೆಗೆ ಮುಟ್ಟಿಸುತ್ತೇನೆ. ಮನೆ ನಡೆಯಬೇಕಲ್ಲ. ಆದ್ದರಿಂದ ಕಚೇರಿಯಲ್ಲೂ ಒಂದು ದಿನ ದುಭಾಷಿಯಾಗಬೇಕೆಂದು ಆದೇಶ ಬಂದಾಗ, ಅದೇನು ಮಹಾ ಎಂದುಕೊಂಡಿದ್ದೆ.

ಅದು ಒಂದು ಇಲಾಖಾ ವಿಚಾರಣೆ. ಕಾಸರಗೋಡಿನ ಕಡೆಯ ನಮ್ಮ ಸಣ್ಣ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದ ಹೆಂಗಸು, ಐವತ್ತು ದಾಟಿದವರು. ಮಂಗಳೂರಿನ ಆಸ್ಪತ್ರೆಯಲ್ಲಿದ್ದ ಅಕ್ಕನನ್ನು ನೋಡಿಕೊಳ್ಳಲು ಕೆಲವು ವಾರ ಕೆಲಸಕ್ಕೆ ಬಂದಿರಲಿಲ್ಲ. ಅಕ್ಕ ಉಳಿಯಲಿಲ್ಲ. ಇವರು ಕೆಲಸಕ್ಕೆ ಮರಳಿದಾಗ, ಯಾರಿಗೂ ಹೇಳದೆ ಗೈರುಹಾಜರಾದರು ಎಂಬ ಆರೋಪಪಟ್ಟಿ ಕಾದಿತ್ತು. ಅಷ್ಟರಲ್ಲಿ ಅಲ್ಲಿನ ಅಧಿಕಾರಿಗೆ ವರ್ಗವಾಗಿತ್ತು. ತನಗೆ ಯಾರೂ ಏನೂ ಹೇಳಿರಲಿಲ್ಲ ಎಂದು ಆತ ಬರೆದುಕೊಟ್ಟಿದ್ದ. ಬಾಯಲ್ಲಿ ಹೇಳಿ ಒಪ್ಪಿಗೆ ಪಡೆದೇ ಹೋದದ್ದು ಎಂದು ಇವರು. ಆರೋಪ ಸಾಬೀತಾದರೆ ಕೆಲಸ ಹೋಗುತ್ತದೆ, ಅಷ್ಟು ವರ್ಷದ ದುಡಿಮೆಯ ಕೊನೆಗೆ ಸುಳ್ಳುಗಾತಿ ಎಂಬ ಹೆಸರು ಉಳಿಯುತ್ತದೆ.

ವಿಚಾರಣಾಧಿಕಾರಿ ನಿವೃತ್ತ ನ್ಯಾಯಾಧೀಶರು, ಮಂಡಿನೋವಿನಿಂದ ತಿರುವನಂತಪುರ ಬಿಟ್ಟು ಕದಲುವವರಲ್ಲ. ಆ ಹೆಂಗಸಿಗೆ ಇಲ್ಲಿಯವರೆಗೆ ಬರುವುದು ಕಷ್ಟ, ಅವರ ಕಚೇರಿಯಲ್ಲಿ ವಿಡಿಯೋ ಸೌಕರ್ಯವಿಲ್ಲ. ಹಾಗಾಗಿ ಆಕೆ ಪಾಲಾರಿವಟ್ಟಂ ಕಚೇರಿಗೆ ಬರುವುದು, ಇವರು ಇಲ್ಲಿಂದ ವಿಡಿಯೋದಲ್ಲಿ ಕೇಳುವುದು ಎಂದಾಗಿತ್ತು. ಎರಡು ಸಲ ಹಾಗೆ ಕೂಡಿಸಿ, ಎರಡು ಸಲವೂ ನಡುವೆ ಸಂಪರ್ಕ ಕಡಿದಿತ್ತು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ್ದಕ್ಕೆ ನಾನೇನು ಮಾಡಲಿ? ಆದರೆ ವಿಚಾರಣಾಧಿಕಾರಿ ಬರೆಸಿಟ್ಟಿದ್ದರು: ಇನ್ನೊಮ್ಮೆ ಮುಂದೂಡುವುದಿಲ್ಲ, ಈ ಸಲ ಕಡಿದರೆ ಸಾಕ್ಷ್ಯ ಮುಗಿಯಿತೆಂದು ತಿಳಿದು ಕಡತದಲ್ಲಿದ್ದುದರ ಮೇಲೆ ತೀರ್ಮಾನ. ಕಡತದಲ್ಲಿದ್ದುದು ಆ ಅಧಿಕಾರಿಯ ಹೇಳಿಕೆ ಮಾತ್ರ.

ಇನ್ನೊಂದು ಮಾತು. ಆಕೆಗೆ ಮಲಯಾಳ ಚೆನ್ನಾಗಿಯೇ ಅರ್ಥವಾಗುತ್ತದೆ, ಅಂಗಡಿ ಬಸ್ಸು ಎಲ್ಲ ಅದರಲ್ಲೇ. ಆದರೆ ಪ್ರಮಾಣ ಮಾಡಿ ಹೇಳುವುದನ್ನು ಕನ್ನಡದಲ್ಲೇ ಹೇಳುತ್ತೇನೆ ಎಂದು ಪಟ್ಟು ಹಿಡಿದಿದ್ದರು. ಇಲಾಖೆಯವರಿಗೆ ಅದು ಹಟಮಾರಿತನವಾಗಿ ಕಂಡಿತು. ನನಗೆ ಹಾಗನ್ನಿಸಲಿಲ್ಲ. ನಮ್ಮ ಊರಿನ ಅರ್ಧ ಜನ ಹಾಗೆಯೇ, ಜಗಳ ಮತ್ತು ವ್ಯಾಪಾರ ಯಾವ ಭಾಷೆಯಲ್ಲಾದರೂ ಮಾಡುತ್ತಾರೆ, ಆಣೆ ಮಾತ್ರ ಮನೆಯ ಮಾತಿನಲ್ಲಿ. ಕಚೇರಿಯಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದ್ದವಳು ನಾನೊಬ್ಬಳೇ. ನನ್ನನ್ನೇ ದುಭಾಷಿ ಮಾಡಿದರು.

ಅದೇ ದಿನ ಬೆಳಿಗ್ಗೆ ನನ್ನ ಮೇಲಧಿಕಾರಿ ಹೊಸ ರಗಳೆ ತಂದರು. ಭದ್ರತಾ ತಪಾಸಣೆಯ ವರದಿ ಬಂದಿತ್ತು. ಪಾಲಾರಿವಟ್ಟಂನ ರೂಟರಿನಲ್ಲಿ ಬೇಡದ ಸೇವೆಗಳೆಲ್ಲ ತೆರೆದೇ ಇವೆ ಎಂದು. ಅದು ನಿಜವೇ. ಪಾಸ್‌ವರ್ಡನ್ನು ಯಾವ ಮುಸುಕೂ ಇಲ್ಲದೆ ತಂತಿಯ ಮೇಲೆ ಕಳಿಸುವ ಹಳೆಯ ಟೆಲ್ನೆಟ್ ಇತ್ತು. ಯಾರು ಬೇಕಾದರೂ ಬಾಗಿಲು ತಟ್ಟಬಹುದಾದ ವೆಬ್ ಪುಟವಿತ್ತು. ತಯಾರಾದ ದಿನದ ಪಾಸ್‌ವರ್ಡನ್ನೇ ಇಟ್ಟುಕೊಂಡ ನಿಗಾ ಸೇವೆಯಿತ್ತು. ಇವನ್ನು ಮುಚ್ಚಬೇಕೆಂದು ನಾನೇ ಎಷ್ಟೋ ಸಲ ಬರೆದು, ಉತ್ತರ ಬಾರದೆ ಸುಮ್ಮನಾಗಿದ್ದೆ. ಈಗ ಮೇಲಿನಿಂದ ಯಾರೋ ಗದರಿಸಿದ ಮೇಲೆ, ಸಂಜೆಯೊಳಗೆ ಆಗಬೇಕಂತೆ.

ಇವತ್ತು ಬೇಡ, ಇವತ್ತು ಅದೇ ರೂಟರಿನ ಮೂಲಕ ವಿಚಾರಣೆಯಿದೆ ಎಂದೆ. ವಿಚಾರಣೆ ಮಧ್ಯಾಹ್ನದ ಊಟದ ನಂತರವಲ್ಲವೇ, ಬೆಳಿಗ್ಗೆಯೇ ಮುಗಿಸಿ ಎಂದರು. ಅವರ ಜೊತೆ ವಾದಿಸುವುದು ಮಳೆಗೆ ಕೊಡೆ ತೋರಿಸಿ ಹೆದರಿಸಿದ ಹಾಗೆ. ನನ್ನ ಮೇಜಿಗೆ ಬಂದು, ಕೊಚ್ಚಿಯ ರೂಟರಿಗೆ ಮಧ್ಯಾಹ್ನ ಹನ್ನೆರಡಕ್ಕೆ ಗಡುವಿಟ್ಟೆ. ಸಾಕಷ್ಟು ಸಮಯವಿತ್ತು.

ಕೆಲಸ ಸಲೀಸಾಗಿ ಆಯಿತು. ಒಂದೊಂದೇ ಸೇವೆಯನ್ನು ಮುಚ್ಚಿದೆ. ಭದ್ರವಾದ ಒಂದೇ ಒಂದು ದಾರಿಯನ್ನು ಉಳಿಸಿ, ಅದಕ್ಕೂ ಕಾವಲು ಹಾಕಿದೆ: ನನ್ನ ಮೇಜಿನ ಕಂಪ್ಯೂಟರಿನಿಂದ ಬಂದರೆ ಮಾತ್ರ ಒಳಕ್ಕೆ ಬಿಡು, ಇನ್ನು ಯಾವ ಕಡೆಯಿಂದ ಬಂದರೂ ಬಾಗಿಲು ತೆರೆಯಬೇಡ. ಹಾಗೆ ಬಿಗಿ ಮಾಡುವಾಗ ಒಂದು ಬಗೆಯ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಆಮೇಲೆ ಕೊಚ್ಚಿ ಕಚೇರಿಯ ಸೂಪರಿಂಟೆಂಡೆಂಟರಿಗೆ ಫೋನು ಮಾಡಿದೆ. ನನಗಿಂತ ಹಿರಿಯರು, ಎಲ್ಲರಿಗೂ ಅವರು ಚೇಚಿ, ಅಂದರೆ ಅಕ್ಕ. ಹಾಜರಿ ಯಂತ್ರ, ಪ್ರಿಂಟರು, ಕಡತಗಳು, ವಿಡಿಯೋ ಎಲ್ಲ ಸರಿಯಾಗಿ ನಡೆಯುತ್ತಿವೆಯೇ ನೋಡಿ ಹೇಳಿ ಎಂದೆ. ಚಾಯ ಕುಡಿದು ನೋಡುತ್ತೇನೆ ಎಂದರು. ಅವರು ಸರಿ ಎಂದ ಮೇಲೆಯೇ ಗಡುವನ್ನು ರದ್ದು ಮಾಡುವುದು ನನ್ನ ಕ್ರಮ. ಕಾಯುತ್ತ ಕೂತೆ.

ಹಾಗೆ ಕಾಯುವಾಗ ಮೇಲಧಿಕಾರಿ ತಮ್ಮ ಕೋಣೆಗೆ ಕರೆದರು. ಹೋದರೆ, ಬೆಳಗಿನ ಇನ್ನೊಂದು ವಿಚಾರಣೆಗೆ ಯಾರೂ ಬಂದಿಲ್ಲ, ಆದ್ದರಿಂದ ನಿಮ್ಮದನ್ನು ಈಗಲೇ ತೆಗೆದುಕೊಂಡಿದ್ದಾರೆ, ವಿಚಾರಣಾಧಿಕಾರಿ ಬಂದು ಕೂತು ಕೆಂಡವಾಗಿದ್ದಾರೆ, ನಡೀರಿ ಎಂದರು. ಒಂದೇ ನಿಮಿಷ ಮೇಜಿಗೆ ಹೋಗಿ ಬರುತ್ತೇನೆ, ರೂಟರಿನದ್ದೊಂದು ಕೆಲಸ ಬಾಕಿಯಿದೆ ಎಂದೆ. ರೂಟರು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ನಕ್ಕು, ಮೆಟ್ಟಿಲಿಳಿಸಿ ವಿಚಾರಣೆಯ ಕೋಣೆಯ ಬಾಗಿಲವರೆಗೆ ತಾವೇ ಬಂದು ಬಿಟ್ಟರು. ಹೊರಗಿನ ತಟ್ಟೆಯಲ್ಲಿ ಫೋನು ಇಡಿಸಿಕೊಂಡರು. ಬಾಗಿಲು ಮುಚ್ಚಿತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ ಆಗಿರಲಿಲ್ಲ. ನಡುವೆ ಎಲ್ಲಾದರೂ ಬಿಡುವು ಸಿಕ್ಕೀತು ಎಂದು ಧೈರ್ಯ ತಂದುಕೊಂಡೆ.

ಮೊದಲು ನನಗೆ ಪ್ರಮಾಣ ಮಾಡಿಸಿದರು. ಸಾಕ್ಷಿ ಹೇಳಿದ್ದಕ್ಕೆ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ, ಸಾಕ್ಷಿಯೊಡನೆ ಸ್ವಂತದ ಮಾತು ಆಡುವುದಿಲ್ಲ. ಪರದೆಯ ಮೇಲೆ ಆಕೆ ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಮಡಿಲಲ್ಲಿ ಬಟ್ಟೆಯ ಚೀಲ. ಪಕ್ಕದ ಕುರ್ಚಿಯಲ್ಲಿ ಕೊಚ್ಚಿಯ ಚೇಚಿ. ಚಾಯ ಕುಡಿದು ರೂಟರಿನ ಕೆಲಸ ನೋಡಬೇಕಾದವರು ಇಲ್ಲಿ ಕೂತಿದ್ದಾರೆ. ಅವರಿಂದ ಇನ್ನು ಫೋನು ಬಾರದು, ಬಂದರೂ ಎತ್ತಲು ಮೇಲೆ ನಾನಿಲ್ಲ.

ಇಲಾಖೆಯ ಪರ ವಾದಿಸುತ್ತಿದ್ದ ಅಧಿಕಾರಿ ಚುರುಕಿನ ಮನುಷ್ಯ, ಪೆನ್ನಿನ ಮುಚ್ಚಳವನ್ನು ಟಕಟಕ ಮಾಡುತ್ತ ಪ್ರಶ್ನೆ ಕೇಳುವವರು. ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ನಾನು ಕನ್ನಡದಲ್ಲಿ ದಾಟಿಸುತ್ತಿದ್ದೆ. ಹೋಗುವ ಮೊದಲು ಅಧಿಕಾರಿಗೆ ತಿಳಿಸಿದ್ದಿರಾ ಎಂಬುದೇ ಮುಖ್ಯ ಪ್ರಶ್ನೆ. ಹೌದು ಅಥವಾ ಇಲ್ಲ ಎನ್ನಬಹುದಾಗಿತ್ತು. ಆಕೆ ಚೀಲವನ್ನು ಸರಿಮಾಡಿಕೊಂಡು ಹೇಳತೊಡಗಿದರು.

"ಹೇಳಿದ್ದು ಉಂಟು. ಚಾ ಇಡ್ಲಿಕ್ಕೆ ಹೋದಾಗ ಹೇಳಿದ್ದು. ಅವರಿಗೆ ಸಕ್ಕರೆ ಕಾಯಿಲೆ, ಚಾಕ್ಕೆ ಸಕ್ಕರೆ ಹಾಕ್ಲಿಕ್ಕಿಲ್ಲ. ಕಚೇರಿಯ ಚಾ ಆಗುದಿಲ್ಲ ಅವರಿಗೆ, ನಾನು ಮನೆಯಿಂದ ಫ್ಲಾಸ್ಕಲ್ಲಿ ತರುದು."

ಮುಂದೆ ಫ್ಲಾಸ್ಕಿನ ಮುಚ್ಚಳ ಸಡಿಲವಾದ ಕತೆ ಬಂತು. ಅದಕ್ಕೆ ಬಟ್ಟೆ ಸುತ್ತುವ ಕ್ರಮ ಬಂತು. ಬಸ್ಸಿನಲ್ಲಿ ಕೂತುಕೊಳ್ಳಲು ಸೀಟು ಸಿಗದಿದ್ದರೆ ಫ್ಲಾಸ್ಕನ್ನು ಹೇಗೆ ಹಿಡಿದುಕೊಳ್ಳುವುದು ಎಂಬುದೂ ಬಂತು. ನಾನು ಒಂದೊಂದು ಮಾತನ್ನೂ ಇಂಗ್ಲಿಷಿಗೆ ಹೊತ್ತು ಹಾಕುತ್ತಿದ್ದೆ. ವಿಚಾರಣಾಧಿಕಾರಿ ಹಣೆ ಒತ್ತಿಕೊಂಡು, ವಿಷಯಕ್ಕೆ ಬರಲು ಹೇಳಿ ಎಂದರು. ಅದನ್ನೂ ದಾಟಿಸಿದೆ. ಆಕೆ ತಲೆಯಾಡಿಸಿ, ವಿಷಯವೇ ಹೇಳುವುದು ಎಂದು ಮತ್ತೆ ಫ್ಲಾಸ್ಕಿಗೇ ಹೋದರು. ಆಚೆಮನೆಯ ಹೆಂಗಸಿಗೆ ಚಹಾ ಮಾಡುವುದನ್ನು ತೋರಿಸಿಕೊಟ್ಟದ್ದು, ಆಕೆ ಮೊದಲ ದಿನ ಅಭ್ಯಾಸಬಲದಿಂದ ಸಕ್ಕರೆ ಹಾಕಿದ್ದು.

ಮುಳ್ಳು ಹನ್ನೆರಡರ ಕಡೆಗೆ ಸರಿಯುತ್ತಿತ್ತು. ಬಿಡುವು ಸಿಗುವ ಲಕ್ಷಣ ಕಾಣಲಿಲ್ಲ. ಹನ್ನೆರಡಾದ ಕೂಡಲೇ ಕೊಚ್ಚಿಯ ರೂಟರ್ ತಾನಾಗಿ ಆರುತ್ತದೆ, ಪರದೆ ಕಪ್ಪಾಗುತ್ತದೆ. ಅದು ಮತ್ತೆ ಎದ್ದು ನಿಲ್ಲುವಷ್ಟರಲ್ಲಿ ಇಲ್ಲಿ ಸಾಕ್ಷ್ಯ ಮುಗಿಯಿತು ಎಂದು ಬರೆದಾಗಿರುತ್ತದೆ. ಈ ಸಲ ರಸ್ತೆ ಅಗೆಯುವವರಲ್ಲ, ನಾನೇ ಕತ್ತರಿಸಿದ ಹಾಗೆ. ಎದುರಿನ ಮೇಜಿನ ಮೇಲೆಯೇ ಕಂಪ್ಯೂಟರಿತ್ತು. ಅದರಿಂದ ಒಂದು ಸಾಲು ಆದೇಶ ಕಳಿಸಿದ್ದರೆ ಸಾಕಿತ್ತು. ಆದರೆ ಅದು ನನ್ನ ಮೇಜಿನ ಕಂಪ್ಯೂಟರಲ್ಲ. ಅಲ್ಲಿಂದ ಹೋದರೆ ಕೊಚ್ಚಿಯ ರೂಟರ್ ಬಾಗಿಲು ತೆರೆಯದಂತೆ ಅಂದು ಬೆಳಿಗ್ಗೆ ನಾನೇ ಕಾವಲು ಹಾಕಿ ಬಂದಿದ್ದೆ.

ಆಗ ಮನಸ್ಸಿಗೆ ಬಂದ ಯೋಚನೆಗಳು ಒಳ್ಳೆಯವಲ್ಲ. ಮೊದಲನೆಯದು, ಈ ಚಹಾ ಪುರಾಣವನ್ನು ಕತ್ತರಿಸಿಬಿಡುವುದು. ಮನೆಯಲ್ಲಿ ದಿನಾ ಮಾಡುವ ಕೆಲಸವೇ ಅಲ್ಲವೇ? 'ಹೌದು, ತಿಳಿಸಿದ್ದೆ' ಎಂದು ಒಂದೇ ಸಾಲಿಗೆ ಇಳಿಸಿದರೆ ಹನ್ನೆರಡರೊಳಗೆ ಎಲ್ಲ ಪ್ರಶ್ನೆ ಮುಗಿದೀತು. ಫ್ಲಾಸ್ಕಿನ ಮುಚ್ಚಳದಿಂದ ಯಾರಿಗೇನು? ಎರಡನೆಯದು ಅದಕ್ಕಿಂತ ಸುಲಭ. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಬೇರೆ ಯಾರೂ ಇರಲಿಲ್ಲ. ಪ್ರಶ್ನೆ ದಾಟಿಸುವ ನೆವದಲ್ಲಿ, ಬೇಗ ಮುಗಿಸಿ ಅಕ್ಕ, ಲೈನು ಹೋಗ್ತದೆ ಎಂದು ಒಂದು ಮಾತು ಸೇರಿಸಿದರೆ ಯಾರಿಗೆ ತಿಳಿದೀತು? ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎಲ್ಲವೂ ಧ್ವನಿಮುದ್ರಣವಾಗುತ್ತಿತ್ತು. ಮುಂದೆಂದಾದರೂ ಯಾರಾದರೂ ಕೇಳಿ, ದುಭಾಷಿ ಸಾಕ್ಷಿಗೆ ಹೇಳಿಕೊಟ್ಟಳು ಎಂದರೆ ಆಕೆಯ ಮಾತೆಲ್ಲ ಮಣ್ಣುಪಾಲು. ಕೆಲಸ ಹೋಗುವುದು ನನ್ನದಲ್ಲ, ಆಕೆಯದು.

ಕೈ ಎತ್ತಿದೆ. ಆಕೆಯ ಮಾತು ಅರ್ಧದಲ್ಲಿತ್ತು. ನನ್ನದೇ ಒಂದು ಮಾತು ಹೇಳಬೇಕು ಎಂದು ವಿಚಾರಣಾಧಿಕಾರಿಯನ್ನು ಕೇಳಿದೆ. ಬೆಳಿಗ್ಗೆ ರೂಟರಿನ ಭದ್ರತೆಯ ಕೆಲಸ ನಡೆದಿದೆ, ಹನ್ನೆರಡಕ್ಕೆ ಅದು ತಾನಾಗಿ ಆರುವಂತೆ ಇಟ್ಟಿದ್ದೇನೆ, ಮೇಲೆ ಹೋಗಿ ನಾನು ರದ್ದು ಮಾಡದಿದ್ದರೆ ಸಂಪರ್ಕ ಕಡಿಯುತ್ತದೆ, ನನ್ನ ಮೇಜಿನಿಂದಲ್ಲದೆ ಬೇರೆಲ್ಲಿಂದಲೂ ಆಗದು ಎಂದು ಒಂದೇ ಉಸಿರಿಗೆ ಹೇಳಿದೆ. ಇಲಾಖೆಯ ಪರದ ಅಧಿಕಾರಿ ಪೆನ್ನು ಕೆಳಗಿಟ್ಟರು. ದುಭಾಷಿಯೇ ಸಂಪರ್ಕ ಕಡಿಯುವ ವ್ಯವಸ್ಥೆ ಮಾಡಿ ಬಂದದ್ದನ್ನು ದಾಖಲಿಸಬೇಕು ಎಂದರು. ನನಗೆ ಸಿಟ್ಟು ಬಂತು, ತಡೆದುಕೊಂಡೆ. ವಿಚಾರಣಾಧಿಕಾರಿ ಕನ್ನಡಕದ ಮೇಲಿನಿಂದ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಹೋಗಿ ಎಂದರು.

ಲಿಫ್ಟು ಎಲ್ಲೋ ಇತ್ತು. ಸೀರೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದೆ. ಕಂಪ್ಯೂಟರು ತಾನಾಗಿ ಬೀಗ ಹಾಕಿಕೊಂಡಿತ್ತು, ಹಾಗೆ ಹಾಕಿಕೊಳ್ಳಬೇಕೆಂಬ ನಿಯಮ ತಂದವಳೂ ನಾನೇ. ಅವಸರದಲ್ಲಿ ಪಾಸ್‌ವರ್ಡು ತಪ್ಪಿತು. ಮತ್ತೆ ತಪ್ಪಿತು. ಇನ್ನೊಂದು ಸಲ ತಪ್ಪಿದರೆ ಖಾತೆಯೇ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಮೇಲಧಿಕಾರಿ ಬೆನ್ನ ಹಿಂದೆ ಬಂದು ನಿಂತು, ಮುಗಿಯಿತೇ, ವರದಿ ಕಳಿಸಬೇಕಲ್ಲ ಎಂದರು.

"ಸಾರೇ, ಇಪ್ಪೋ ಮಿಂಡರುದ್," ಎಂದೆ. ಈಗ ಮಾತಾಡಬೇಡಿ ಎಂದು, ಮೇಲಧಿಕಾರಿಗೆ ಹೇಳುವ ರೀತಿಯಲ್ಲಿ ಅಲ್ಲ. ಅವರು ಬಾಯಿ ಮುಚ್ಚಿದರು. ಕೈಯನ್ನು ತೊಡೆಯ ಮೇಲಿಟ್ಟು ಒಂದು ಸಲ ಉಸಿರು ಬಿಟ್ಟೆ. ಒಂದೊಂದೇ ಅಕ್ಷರ ಒತ್ತಿದೆ. ಪರದೆ ತೆರೆಯಿತು. ರೂಟರು ಇನ್ನೇನು ಆರುತ್ತೇನೆ ಎಂದು ಎಚ್ಚರಿಕೆಯ ಸಾಲುಗಳನ್ನು ಚೆಲ್ಲುತ್ತಿತ್ತು. ಆ ಸಾಲುಗಳ ನಡುವೆಯೇ ರದ್ದುಮಾಡುವ ಆದೇಶ ಬರೆದು ಒತ್ತಿದೆ. ಗಡುವು ರದ್ದಾಯಿತು ಎಂಬ ಉತ್ತರ ಬಂದಾಗ ಕಣ್ಣಲ್ಲಿ ನೀರು ಬಂತು. ಯಾಕೆಂದು ಮೇಲಧಿಕಾರಿಗೆ ಖಂಡಿತ ಅರ್ಥವಾಗಿರಲಿಕ್ಕಿಲ್ಲ.

ಕೆಳಗೆ ಬಂದಾಗ ಎಲ್ಲರೂ ಹಾಗೆಯೇ ಕೂತಿದ್ದರು. ಪರದೆಯ ಮೇಲೆ ಆಕೆಯೂ ಇದ್ದರು. ಆದರೆ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದರು, ಹೊರಡಲು ಎದ್ದವರು ಮತ್ತೆ ಕೂತ ಹಾಗೆ. ನಾನು ಕೈ ಎತ್ತಿ ಏನೋ ಇಂಗ್ಲಿಷಿನಲ್ಲಿ ಹೇಳಿ ಬಿರುಸಾಗಿ ಎದ್ದು ಹೋದದ್ದಷ್ಟೇ ಅವರಿಗೆ ಕಂಡಿತ್ತು. ಯಾಕೆಂದು ಯಾರೂ ಹೇಳಿರಲಿಲ್ಲ. ಪ್ರಮಾಣದ ಪ್ರಕಾರ ನಾನಂತೂ ಹೇಳುವ ಹಾಗಿರಲಿಲ್ಲ. ಮುಂದುವರಿಸಲು ಹೇಳಿ ಎಂದು ವಿಚಾರಣಾಧಿಕಾರಿ ಸನ್ನೆ ಮಾಡಿದರು. ದಾಟಿಸಿದೆ. ಆಕೆ ನನ್ನನ್ನೇ ನೋಡುತ್ತ ಮೆಲ್ಲನೆ ಹೇಳಿದರು.

"ನನ್ನ ಮಾತು ಉದ್ದ ಆಯ್ತು. ಈ ಮೇಡಂ ಸಹ ಕೂತು ಕೇಳ್ಲಿಕ್ಕೆ ಆಗದೆ ಎದ್ದು ಓಡಿದ್ರು. ಎಲ್ಲರಿಗೂ ಉಪದ್ರ ನನ್ನಿಂದ. ಹೇಳದೆ ಹೋದದ್ದು ಅಂತಲೇ ಬರ್ಕೊಳ್ಳಿ, ಮುಗಿದು ಹೋಗ್ಲಿ."

ಲೈನು ಕಡಿಯಬಾರದೆಂದು ಓಡಿದವಳು ನಾನು. ಲೈನು ಉಳಿಯಿತು, ಆಕೆ ಬಿಟ್ಟುಕೊಟ್ಟರು. ಈಗ ಈ ಮಾತನ್ನು ನಾನೇ ನನ್ನ ಬಾಯಿಂದ ದಾಟಿಸಬೇಕು. ಮನೆಯಲ್ಲಾದರೆ ನುಂಗಿಬಿಡುತ್ತಿದ್ದೆ. ಇಲ್ಲಿ ನುಂಗುವಂತಿಲ್ಲ. ದಾಟಿಸಿದೆ. ಮಾತು ಉದ್ದವಾಯಿತೆಂದದ್ದು, ನಾನು ಎದ್ದು ಓಡಿದೆನೆಂದದ್ದು, ಎಲ್ಲರಿಗೂ ಉಪದ್ರವೆಂದದ್ದು, ಕೊನೆಯದು. ಒಂದನ್ನೂ ಬಿಡಲಿಲ್ಲ.

ಇಲಾಖೆಯ ಪರದ ಅಧಿಕಾರಿ ಕೂಡಲೇ ಎದ್ದರು. ಹೇಳದೆ ಹೋದೆನೆಂದು ಸಾಕ್ಷಿ ಒಪ್ಪಿಕೊಂಡಿದ್ದಾರೆ, ಅಷ್ಟನ್ನು ಬರೆಸಬೇಕು ಎಂದರು. ಬೆರಳಚ್ಚಿನವರ ಕೈ ಕೀಲಿಮಣೆಯ ಕಡೆ ಹೋಯಿತು.

ದುಭಾಷಿ ನಡುವೆ ಬಾಯಿ ಹಾಕಬಾರದು ಎಂದು ಗೊತ್ತಿತ್ತು. ಹಾಕಿದೆ. ಸಾರ್, ಆಕೆ ಹೇಳಿದ್ದು ಒಂದು ವಾಕ್ಯವಲ್ಲ, ನಾನು ದಾಟಿಸಿದ್ದೂ ಒಂದಲ್ಲ, ಬರೆಯುವುದಾದರೆ ಎಲ್ಲವನ್ನೂ ಬರೆಯಬೇಕು, ಏನನ್ನೂ ಬಿಡುವುದಿಲ್ಲ ಎಂದು ನನ್ನಿಂದ ಪ್ರಮಾಣ ಮಾಡಿಸಿದ್ದೀರಿ ಎಂದೆ. ಧ್ವನಿ ಸ್ವಲ್ಪ ಏರಿಯೇ ಇತ್ತು. ವಿಚಾರಣಾಧಿಕಾರಿ ಬೆರಳಚ್ಚಿನವರಿಗೆ ತಡೆಯುವಂತೆ ಕೈ ತೋರಿದರು. ನೀವು ಯಾಕೆ ಎದ್ದು ಹೋದಿರಿ ಎಂದು ಆಕೆಗೆ ಯಾರಾದರೂ ಹೇಳಿದ್ದಾರೆಯೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಈಗ ಹೇಳಿ, ಆಮೇಲೆ ಏನು ಹೇಳಿದಿರೆಂದು ನಮಗೂ ಹೇಳಿ ಎಂದರು.

ಆ ದಿನ ಆಕೆಯೊಡನೆ ನಾನಾಡಿದ ಸ್ವಂತದ ಮಾತು ಅದೊಂದೇ.

"ಅಕ್ಕ, ನಾನು ಓಡಿದ್ದು ನಿಮ್ಮ ಮಾತು ಕೇಳ್ಲಿಕ್ಕೆ ಆಗದೆ ಅಲ್ಲ. ನಿಮ್ಮ ಮಾತು ನಡುವಲ್ಲಿ ಕಡಿದು ಹೋಗ್ಬಾರ್ದು ಅಂತ. ಇನ್ನು ಕಡಿಯುದಿಲ್ಲ."

ಅದನ್ನು ಇಂಗ್ಲಿಷಿನಲ್ಲೂ ಹೇಳಿದೆ, ಅದೂ ದಾಖಲಾಯಿತು. ಆಕೆ ಚೀಲವನ್ನು ಹೆಗಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ಎಲ್ಲಿಂದ ಹೇಳಬೇಕು ಎಂದು ಕೇಳಿದರು. ನಾನು ದಾಟಿಸಿದೆ. ವಿಚಾರಣಾಧಿಕಾರಿ ನನ್ನ ಕಡೆ ನೋಡದೆ, ಪರದೆಯತ್ತ ಬಾಗಿ, ತಾವೇ ಮಲಯಾಳದಲ್ಲಿ ಹೇಳಿದರು: "ಆದ್ಯಂ ಮುದಲ್ ಪರಞ್ಞೋಳೂ." ಮೊದಲಿನಿಂದ ಹೇಳಿ ಎಂದು. ಅದನ್ನು ದಾಟಿಸುವ ಅಗತ್ಯ ಬೀಳಲಿಲ್ಲ.

ಆಕೆ ಮತ್ತೆ ಫ್ಲಾಸ್ಕಿನಿಂದಲೇ ಶುರುಮಾಡಿದರು. ಈ ಸಲ ಯಾರೂ ಹಣೆ ಒತ್ತಿಕೊಳ್ಳಲಿಲ್ಲ. ಅಕ್ಕನಿಗೆ ಜೋರಾದ ದಿನ, ಚಹಾ ಇಡುವಾಗ ಸಾಹೇಬರಿಗೆ ವಿಷಯ ಹೇಳಿದರಂತೆ. ಹೋಗಿ ಬಾ, ಆದರೆ ನನ್ನ ಚಹಾಕ್ಕೆ ಏನು ಮಾಡುವುದು ಎಂದು ಸಾಹೇಬರು ಕೇಳಿದರಂತೆ. ಅದಕ್ಕೇ ಆಚೆಮನೆಯ ಹೆಂಗಸನ್ನು ಒಪ್ಪಿಸಿದ್ದು. ಅದಕ್ಕೇ ಫ್ಲಾಸ್ಕು, ಬಟ್ಟೆ ಸುತ್ತುವುದು, ಸಕ್ಕರೆ ಹಾಕದಿರುವುದು ಎಲ್ಲ ಕಲಿಸಿಕೊಟ್ಟದ್ದು. ಮೊದಲ ದಿನ ಸಕ್ಕರೆ ಬಿದ್ದದ್ದಕ್ಕೆ ಸಾಹೇಬರು ಮಂಗಳೂರಿನ ಆಸ್ಪತ್ರೆಗೇ ಫೋನು ಮಾಡಿ ಆಕೆಯನ್ನು ಗದರಿಸಿದರಂತೆ. ವಾರ್ಡಿನಲ್ಲಿ ಅಕ್ಕನ ತಲೆ ಹಿಡಿದುಕೊಂಡೇ ಫೋನಿನಲ್ಲಿ ಕ್ಷಮೆ ಕೇಳಿದೆ ಎಂದರು.

ನಾನು ಕತ್ತರಿಸಿಬಿಡಬೇಕೆಂದಿದ್ದ ಭಾಗ ಇದೇ.

ವಿಚಾರಣಾಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈಕೆ ಹೇಳದೆ ಹೋಗಿದ್ದರೆ, ಆ ದಿನಗಳಲ್ಲಿ ನಿಮ್ಮ ಅಧಿಕಾರಿ ಕುಡಿದ ಚಹಾ ಯಾರದು, ತಂದುಕೊಟ್ಟವರು ಯಾರೆಂದು ಅವರು ಕೇಳಲಿಲ್ಲವೇ ಎಂದು ಇಲಾಖೆಯ ಪರದವರನ್ನು ಕೇಳಿದರು. ಅವರು ಕಾಗದ ತಿರುವಿದರು. ಚಹಾ ತಂದ ಹೆಂಗಸನ್ನೂ ಆ ಅಧಿಕಾರಿಯನ್ನೂ ಕರೆಸಬೇಕೆಂದು ಆದೇಶವಾಯಿತು. ಕೊಚ್ಚಿಯ ಚೇಚಿ ಪಕ್ಕದಿಂದ ಆಕೆಗೆ ನೀರಿನ ಬಾಟಲಿ ಕೊಡುವುದು ಕಂಡಿತು.

ಊಟದ ನಂತರ ಚೇಚಿ ಫೋನು ಮಾಡಿ, ಹಾಜರಿ ಯಂತ್ರ ಸರಿಯಿದೆ, ಪ್ರಿಂಟರು ಸರಿಯಿದೆ ಎಂದರು. ಬದಲಾವಣೆಗಳನ್ನು ಉಳಿಸಿದೆ. ಮೇಲಧಿಕಾರಿಯ ವರದಿ ಹೋಯಿತು. ಅವರು ನನ್ನೊಡನೆ ಒಂದು ವಾರ ಮಾತಾಡಲಿಲ್ಲ, ನನಗೆ ಅದು ರಜೆಯ ಹಾಗಿತ್ತು. ಗಡುವಿಡುವ ರೂಢಿಯನ್ನು ನಾನು ಬಿಟ್ಟಿಲ್ಲ. ಗಡುವಿಟ್ಟ ಮೇಲೆ ಅದು ರದ್ದಾಗುವ ತನಕ ಯಾರು ಕರೆದರೂ ಕುರ್ಚಿಯಿಂದ ಏಳುವುದಿಲ್ಲ, ಅಷ್ಟೆ. ಮನೆಯಲ್ಲೂ ಒಂದು ಬದಲಾವಣೆಯಾಗಿದೆ. ಮಗಳು ಸಿಡುಕಿದ್ದನ್ನು ಈಗ ಪೂರ್ತಿಯಾಗಿಯೇ ಅತ್ತೆಗೆ ದಾಟಿಸುತ್ತೇನೆ. ಮನೆಯೇನೂ ಮುರಿದುಬೀಳಲಿಲ್ಲ. ಅತ್ತೆ ತಿರುಗಿ ಬೈಯುತ್ತಾರೆ, ಅದು ಮಗಳಿಗೆ ನೇರವಾಗಿ ಅರ್ಥವಾಗುತ್ತದೆ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಕಾಸರಗೋಡಿನ ಕಚೇರಿಯಿಂದ ನನ್ನ ಮೇಜಿಗೆ ಫೋನು ಬಂತು. ಆರೋಪ ಬಿದ್ದುಹೋಗಿತ್ತು, ಆಕೆ ಕೆಲಸಕ್ಕೆ ಸೇರಿಯಾಗಿತ್ತು. ಧ್ವನಿ ಕೇಳಿದ ಕೂಡಲೇ ಗೊತ್ತಾಯಿತು. ಹೇಗಿದ್ದೀರಿ ಎಂದು ಕೇಳುವ ಮೊದಲೇ ಅವರು ಕೇಳಿದರು.

"ಮೇಡಂ, ಈಗ ಲೈನು ಕಡಿಯುದಿಲ್ಲ ಅಲ್ವಾ?"

ಇಲ್ಲ ಅಕ್ಕ, ಹೇಳಿ ಎಂದೆ. ಅವರು ಆ ದಿನ ಬೆಳಿಗ್ಗೆ ಮನೆಯಿಂದ ಹೊರಟು ಬಸ್ಸು ಕಾದಲ್ಲಿಂದ ಶುರುಮಾಡಿದರು. ನಾನು ಕುರ್ಚಿ ಹತ್ತಿರ ಎಳೆದುಕೊಂಡು ಕೂತೆ.